ಹನುಮಂತನಗರದ ಹೊಂಗೆ ಮತ್ತು ನಮ್ಮ ಯೋಗದ ಕ್ಲಾಸು

ವಾರಾಂತ್ಯದಲ್ಲಿ ನಡುರಾತ್ರಿ ಅಲಾರಂ ಇಟ್ಟುಕೊಂಡು ನಂದಿ ಬೆಟ್ಟಕ್ಕೆ ಹೊರಡುವವರು ಬೆಂಗಳೂರಿನಲ್ಲಿ ಸಿಕ್ಕಾಪಟ್ಟೆ ಇದ್ದಾರೆ. ಸುಮಾರು 60 ಕಿಲೋಮೀಟರ್ ದೂರ. ಬೆಟ್ಟದ ಬುಡ ತಲುಪಿದರೆ ಅಲ್ಲಿ ಕಾರಿನ ಹಿಂದೆ ಕಾರು, ಬೈಕಿನ ಹಿಂದೆ ಬೈಕು. ಸೂರ್ಯೋದಯ ನೋಡಲು ಹೋದವರು ಮುಂದಿನ ಗಾಡಿಯ ಕೆಂಪು ಲೈಟು ನೋಡುತ್ತಾ ಕೂತಿರುತ್ತಾರೆ. ಮೇಲೆ ಹತ್ತುವಷ್ಟರಲ್ಲಿ ಬಿಸಿಲು ಬಂದಿರುತ್ತದೆ. ಮ್ಯಾಗಿ ತಿಂದು, ನಾಲ್ಕು ಫೋಟೊ ಹೊಡೆದು, ಮತ್ತೆ ಹೆಬ್ಬಾಳದ ಟ್ರಾಫಿಕ್ಕಿಗೆ ವಾಪಸ್. ನಾನು ಅವರನ್ನು ಬೈಯುತ್ತಿಲ್ಲ. ವಾರವಿಡೀ ಸ್ಕ್ರೀನು ನೋಡಿದ ಕಣ್ಣಿಗೆ ಸ್ವಲ್ಪ ಮಂಜು, ಸ್ವಲ್ಪ ಹಸಿರು ಬೇಕು ಅನ್ನಿಸುವುದು ಸಹಜ ಅಲ್ವಾ? ಆದರೆ ಒಂದು ಪ್ರಶ್ನೆ ನನ್ನನ್ನು ಬಿಡುವುದಿಲ್ಲ. ಆ ಹೊತ್ತಿಗೆ ಅವರು ಬಿಟ್ಟು ಹೋದ ಬೀದಿಯಲ್ಲಿ ಏನಾಗುತ್ತಿರುತ್ತದೆ?

ಆಫೀಸಿನಲ್ಲಿ ಊಟದ ಹೊತ್ತಿನ ಮಾತೂ ಇದೇ ಜಾತಿಯದು. ಒಬ್ಬರಿಗೆ ಸಕಲೇಶಪುರದ ಹತ್ತಿರ ಎರಡೆಕರೆ ಬೇಕು. ಇನ್ನೊಬ್ಬರಿಗೆ ಸಿರ್ಸಿ ಕಡೆ ಹೆಂಚಿನ ಮನೆ. "ಇನ್ನೊಂದೈದು ವರ್ಷ ಸಾರ್, ಆಮೇಲೆ ಈ ಊರಿಗೆ ಕೈ ಮುಗಿದು ಹೊರಟೆ" ಅನ್ನುವುದು ಎಲ್ಲರ ಬಾಯಲ್ಲೂ ಇದೆ. ಆ ಐದು ವರ್ಷ ಯಾರಿಗೂ ಮುಗಿದಿಲ್ಲ. ಮಜಾ ಅಂದರೆ ಇದನ್ನು ಹೇಳುವಾಗ ಕಿಟಕಿಯಾಚೆ ಗುಲಾಬಿ ಟಬೂಬಿಯಾ ಮೈತುಂಬ ಹೂ ಬಿಟ್ಟು ನಿಂತಿರುತ್ತದೆ. ಒಬ್ಬರೂ ತಿರುಗಿ ನೋಡುವುದಿಲ್ಲ.

ನನಗೂ ಊರಿನ ಕನಸು ಇತ್ತು. ನಮ್ಮದು ಹೊಳಲ್ಕೆರೆ ಕಡೆ. ಮಲೆನಾಡಿನವರ ಹಾಗೆ ಜಿಟಿಜಿಟಿ ಮಳೆ, ಹೊಳೆ, ಕಾಡು ಅಂತ ಹೇಳಿಕೊಳ್ಳಲು ನಮಗೆ ಏನೂ ಇಲ್ಲ. ಕೆಂಪು ಮಣ್ಣು, ಜಾಲಿ, ಬೋರ್‌ವೆಲ್ ನಂಬಿದ ಒಂದಿಷ್ಟು ಅಡಿಕೆ. ಆದರೂ ದೂರ ಇದ್ದಷ್ಟೂ ಊರು ತಲೆಯೊಳಗೆ ಹಸಿರಾಗುತ್ತಾ ಹೋಗುತ್ತದೆ. ಒಮ್ಮೆ ಫೋನಿನಲ್ಲಿ ಅಪ್ಪನ ಹತ್ತಿರ, ಎಲ್ಲ ಬಿಟ್ಟು ಬಂದುಬಿಡ್ತೀನಿ ಅಂದೆ. ಅಪ್ಪ ಒಂದು ಕ್ಷಣ ಸುಮ್ಮನಿದ್ದು, "ಇಲ್ಲೇನೈತೆ ಅಂತ ಬರ್ತೀಯಪ್ಪ? ಬೋರು ಬತ್ತೈತೆ. ಅರ್ಧ ಅಡಿಕೆ ಸುಳಿ ಒಣಗೈತೆ. ನೀನು ಬಂದ್ರೆ ನೀರು ಬರ್ತೈತಾ?" ಅಂದರು. ಆಮೇಲೆ ಎಂದಿನಂತೆ "ಅಲ್ಲಿ ಮಳೆ ಬಂತಾ?" ಅಂತ ಕೇಳಿ ಫೋನಿಟ್ಟರು.

ಮಳೆ ಬಂತಾ ಅಂದರೆ ಬಂದಿತ್ತು. ಅಲ್ಲಿಂದ ನಾನು ಇರುವ ಬೀದಿಯ ಕಡೆ ಸ್ವಲ್ಪ ಗಮನ ಕೊಡತೊಡಗಿದೆ.

ನಾವಿರುವುದು ಹನುಮಂತನಗರದಲ್ಲಿ, ಎರಡನೇ ಮಹಡಿಯ ಬಾಡಿಗೆ ಮನೆ. ಬಾಲ್ಕನಿ ಅಂದರೆ ಎರಡು ಕುರ್ಚಿ ಹಿಡಿಯುವಷ್ಟು ಜಾಗ. ಅದರ ಮುಂದೆಯೇ ಫುಟ್‌ಪಾತಿನಲ್ಲಿ ಒಂದು ಹೊಂಗೆ ಮರ. ಬುಡದ ಸುತ್ತ ಕಾಂಕ್ರೀಟು, ಕಾಂಡಕ್ಕೆ ಕೇಬಲ್ಲಿನವರು ಸುತ್ತಿದ ವೈರು, ಯಾವುದೋ ಟ್ಯೂಷನ್ ಕ್ಲಾಸಿನ ಬೋರ್ಡು ಹೊಡೆದ ಮೊಳೆ. ಹೊಂಗೆ ಹಳ್ಳಿಯಿಂದ ಬಂದವರಿಗೆಲ್ಲ ಗೊತ್ತಿರುವ ಮರ. ಗೊತ್ತಿರುವುದರಿಂದಲೇ ಯಾರೂ ನೋಡುವುದಿಲ್ಲ.

ಫೆಬ್ರವರಿ ಕೊನೆಗೆ ಇದರ ಎಲೆ ಹಳದಿಯಾಗಿ ಉದುರುತ್ತದೆ. ಕೆಲವು ದಿನ ಮರ ಸತ್ತೇ ಹೋಯಿತೇನೋ ಅನ್ನಿಸುತ್ತದೆ. ಆಮೇಲೆ ಒಂದು ವಾರದೊಳಗೆ ಎಣ್ಣೆ ಹಚ್ಚಿದಂಥ ತಿಳಿಹಸಿರು ಚಿಗುರು. ಬಿಸಿಲು ಅದರ ಮೇಲೆ ಬಿದ್ದರೆ ನಮ್ಮ ಹಾಲಿನ ಗೋಡೆಯೂ ಹಸಿರಾಗುತ್ತದೆ. ಚಿಗುರು ಬಂದದ್ದೇ ತಡ, ಹುಳ ಬೀಳುತ್ತದೆ. ಎಳೆ ಎಲೆಯ ಅಂಚು ತೂತುತೂತು. ಪಿಕಳಾರ ಹಕ್ಕಿಗಳಿಗೆ ಹಬ್ಬ. ಯುಗಾದಿ ಹೊತ್ತಿಗೆ ಹೂವು. ಬಿಳಿ ಅಂದರೆ ಬಿಳಿ ಅಲ್ಲ, ನಸುನೇರಳೆ ಬೆರೆತ ಬಣ್ಣ. ಬೆಳಿಗ್ಗೆ ಎದ್ದು ನೋಡಿದರೆ ಸ್ಕೂಟರಿನ ಸೀಟು, ಮ್ಯಾನ್‌ಹೋಲಿನ ಮುಚ್ಚಳ, ಮಲಗಿದ ನಾಯಿ, ಎಲ್ಲದರ ಮೇಲೂ ಮಂಡಕ್ಕಿ ಚೆಲ್ಲಿದ ಹಾಗೆ ಹೂ. ಮೇಲೆ ನೋಡಿದರೆ ಮರವೇ ಗುಂಯ್ ಅನ್ನುತ್ತಿರುತ್ತದೆ. ಅಷ್ಟು ಜೇನುನೊಣ. ಇಡೀ ಬೀದಿಯ ಬೈಕು, ಕುಕ್ಕರು, ಸುಪ್ರಭಾತದ ನಡುವೆಯೂ ಆ ಸದ್ದು ಕೇಳುತ್ತದೆ. ಕೇಳಬೇಕು ಅಂತ ನಿಲ್ಲಬೇಕು, ಅಷ್ಟೇ.

ಹೂವಿನ ಲೆಕ್ಕದಲ್ಲಿ ಬೆಂಗಳೂರಿನ ಅದೃಷ್ಟ ದೊಡ್ಡದು. ಅದರ ಹಿಂದೆ ಒಬ್ಬ ತೋಟಗಾರನ ತಲೆ ಇದೆ. ಗುಸ್ತಾವ್ ಹರ್ಮನ್ ಕ್ರುಂಬಿಗಲ್ ಅಂತ ಜರ್ಮನಿಯವರು. ಬರೋಡಾದಲ್ಲಿ ಕೆಲಸ ಮಾಡಿ, 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದರು. ಲಾಲ್‌ಬಾಗನ್ನು ನೋಡಿಕೊಂಡರು. ಒಂದು ಜಾತಿಯ ಮರದ ಹೂ ಮುಗಿಯುವಷ್ಟರಲ್ಲಿ ಇನ್ನೊಂದರ ಸರದಿ ಬರಬೇಕು, ವರ್ಷದ ಯಾವ ತಿಂಗಳಲ್ಲೂ ಊರು ಬರಿದಾಗಿ ಕಾಣಬಾರದು ಅನ್ನುವ ಲೆಕ್ಕದಲ್ಲಿ ಬೀದಿಬೀದಿಗೆ ಮರ ಆರಿಸಿದರು. ಚಳಿಗಾಲದಲ್ಲಿ ಗುಲಾಬಿ ಟಬೂಬಿಯಾ, ಅದರ ಬೆನ್ನಿಗೆ ಹಳದಿಯದು, ಮಾರ್ಚಿನ ಹೊತ್ತಿಗೆ ನೀಲಿ ಜಕರಾಂಡ, ಬೇಸಿಗೆಗೆ ಕೆಂಪು ಗುಲ್‌ಮೊಹರ್, ಮಳೆ ಕಳೆದ ಮೇಲೆ ರಾತ್ರಿಯೆಲ್ಲ ಘಮ್ಮೆನ್ನುವ ಆಕಾಶಮಲ್ಲಿಗೆ. ನಂತರ ಬಂದ ತೋಟಗಾರರೂ, ಅರಣ್ಯ ಇಲಾಖೆಯವರೂ ಅದೇ ದಾರಿಯಲ್ಲಿ ನಡೆದರು. ಜಕರಾಂಡ ದಕ್ಷಿಣ ಅಮೆರಿಕದ್ದು, ಗುಲ್‌ಮೊಹರ್ ಮಡಗಾಸ್ಕರಿನದು. ಕ್ರುಂಬಿಗಲ್ ಕೂಡ ವಾಪಸ್ ಹೋಗಲಿಲ್ಲ. 1956ರಲ್ಲಿ ಇಲ್ಲೇ ಬೆಂಗಳೂರಿನಲ್ಲಿ ತೀರಿಕೊಂಡರು. ಲಾಲ್‌ಬಾಗ್ ಪಕ್ಕದಲ್ಲಿ ಅವರ ಹೆಸರಿನ ರಸ್ತೆ ಇದೆ. ಬಹಳ ಜನ ಅಲ್ಲಿ ಪಾರ್ಕಿಂಗ್ ಹುಡುಕುತ್ತಾ ಆ ಹೆಸರು ಓದಿರುತ್ತಾರೆ.

ಇನ್ನು ಯೋಗದ ಕಥೆ.

ನಮ್ಮ ಕಡೆಯವರಿಗೆ ಯೋಗ ಅಂದರೆ ಮಲ್ಲಾಡಿಹಳ್ಳಿ. ನಮ್ಮದೇ ತಾಲೂಕು. ತಿರುಕ ಅನ್ನುವ ಕಾವ್ಯನಾಮ ಇಟ್ಟುಕೊಂಡಿದ್ದ ರಾಘವೇಂದ್ರ ಸ್ವಾಮೀಜಿ ಊರೂರಿಗೆ ಹೋಗಿ ಆಸನ, ವ್ಯಾಯಾಮ ಹೇಳಿಕೊಟ್ಟವರು. ಅವರು 1996ರಲ್ಲಿ ತೀರಿಕೊಂಡರು. ಅಂಥ ಒಂದು ಶಿಬಿರದಲ್ಲಿ ಕಲಿತದ್ದನ್ನು ನಮ್ಮಪ್ಪ ಇವತ್ತಿಗೂ ಮಾಡುತ್ತಾರೆ. ಪಟ್ಟಾಪಟ್ಟಿ ಚಡ್ಡಿ, ತೂತು ಬನಿಯನ್ನು, ಜಗಲಿಯ ಮೇಲೊಂದು ಗೋಣಿಚೀಲ. ಎಮ್ಮೆ ಹಾಲು ಕರೆಯುವ ಮುಂಚೆ ಸೂರ್ಯನಮಸ್ಕಾರ ಮುಗಿದಿರಬೇಕು. ಹಾಗಾಗಿ ಬೆಂಗಳೂರಿನಲ್ಲಿ ಮ್ಯಾಟಿಗೆ ಸಾವಿರಾರು ರೂಪಾಯಿ, ರೆಸಾರ್ಟಿನಲ್ಲಿ ಮೂರು ದಿನದ ಮೌನಕ್ಕೆ ಇನ್ನೂ ಜಾಸ್ತಿ ಅಂತ ಕೇಳಿದಾಗ ನನಗೆ ನಗು ಬರುತ್ತಿತ್ತು. ಮೌನವನ್ನೂ ಪ್ಯಾಕೇಜು ಮಾಡಿದ್ದಾರಲ್ಲ ಅಂತ.

ನಾನು ಸೇರಿದ್ದು ದೇವಸ್ಥಾನದ ಪಕ್ಕದ ಸಭಾಂಗಣದಲ್ಲಿ ನಡೆಯುವ ಉಚಿತ ಕ್ಲಾಸಿಗೆ. ಬೆಳಗಿನ ಜಾವ ಐದೂಕಾಲಕ್ಕೆ ಶುರು. ಎಲ್ಲರೂ ಮನೆಯಿಂದ ಜಮಖಾನೆಯೋ ಚಾಪೆಯೋ ತರಬೇಕು. ಹೆಂಗಸರು ಒಂದು ಕಡೆ, ಗಂಡಸರು ಒಂದು ಕಡೆ. ಅರ್ಧಕ್ಕರ್ಧ ರಿಟೈರಾದವರು. ಹಿಂದಿನ ರಾತ್ರಿಯ ಮದುವೆ ರಿಸೆಪ್ಷನ್ನಿನ ಪಲಾವಿನ ವಾಸನೆ ಇನ್ನೂ ಹೋಗಿರುವುದಿಲ್ಲ. ಮೇಷ್ಟ್ರು ಬ್ಯಾಂಕಿನಲ್ಲಿದ್ದು ನಿವೃತ್ತರಾದವರು, ಮಾತು ಖಡಕ್ಕು. "ಉಸಿರು ಬಿಡಿ. ಪೂರ್ತಿ ಬಿಡಿ ಸಾರ್. ಬಿಡೋದು ಅಂದ್ರೆ ಬಿಡೋದು, ಬಾಡಿಗೆಗೆ ಕೊಡೋದಲ್ಲ." ಹೆಂಗಸರ ಸಾಲಿನಿಂದ ಯಾರೋ ಕಿಸಕ್ಕೆನ್ನುತ್ತಾರೆ. ಅಲ್ಲಿಗೆ ಎಲ್ಲರ ಉಸಿರೂ ಪೂರ್ತಿ ಹೋಗುತ್ತದೆ.

ನನಗೆ ಕಷ್ಟವಾದದ್ದು ವೃಕ್ಷಾಸನ. ಒಂದು ಕಾಲಿನ ಮೇಲೆ ನಿಂತು, ಇನ್ನೊಂದು ಪಾದವನ್ನು ತೊಡೆಗೆ ಒತ್ತಿ, ಕೈ ಮೇಲೆತ್ತಬೇಕು. ನೋಡುವವರಿಗೆ ಅಲ್ಲಾಡದೆ ನಿಂತ ಹಾಗೆ ಕಾಣುತ್ತದೆ. ನಿಂತವರಿಗೇ ಗೊತ್ತು. ಹಿಮ್ಮಡಿಯ ಗಂಟು, ಬೆರಳು, ಮೀನಖಂಡ ಒಂದು ಕ್ಷಣ ಸುಮ್ಮನಿರುವುದಿಲ್ಲ. ಇತ್ತ ವಾಲಿದರೆ ಅತ್ತ ಎಳೆಯುತ್ತವೆ, ಅತ್ತ ವಾಲಿದರೆ ಇತ್ತ. ಕಣ್ಣು ಎದುರಿನ ಒಂದು ಕಡೆ ನೆಟ್ಟಿದ್ದರೆ ಪರವಾಗಿಲ್ಲ. ಪಕ್ಕದವರು ಎಷ್ಟು ಹೊತ್ತು ನಿಂತಿದ್ದಾರೆ ಅಂತ ತಿರುಗಿದರೋ, ಕಾಲು ಕೆಳಗೆ. ಕಣ್ಣು ಮುಚ್ಚಿದರಂತೂ ಮುಗಿಯಿತು. ನಾನು ಎದುರಿನ ಗೋಡೆಯ ಸ್ವಿಚ್‌ಬೋರ್ಡು ನೋಡುತ್ತೇನೆ. ಅದರ ಒಂದು ಸ್ಕ್ರೂ ಬಿದ್ದುಹೋಗಿದೆ, ಆ ತೂತೇ ನನಗೆ ಗುರಿ.

ಇದ್ದಲ್ಲೇ ನೆಮ್ಮದಿಯಾಗಿರುವುದು ಅಂದರೆ ಕೈ ಕಟ್ಟಿ ಕೂರುವುದು ಅಂತ ನಾನು ಅಂದುಕೊಂಡಿದ್ದವನಲ್ಲ. ಆದರೂ ಆ ಒಂದು ಕಾಲಿನ ಮೇಲೆ ಅದು ಮೈಗೇ ಗೊತ್ತಾಯಿತು. ನಿಂತಲ್ಲೇ ನಿಲ್ಲಲು ಎಷ್ಟೊಂದು ಕೆಲಸ ನಡೆಯುತ್ತಿರಬೇಕು!

ಯುಗಾದಿ ಆಸುಪಾಸಿನಲ್ಲಿ ಭ್ರಾಮರಿ ಪ್ರಾಣಾಯಾಮವನ್ನು ಮನೆಯ ಬಾಲ್ಕನಿಯಲ್ಲಿ ಮಾಡುತ್ತೇನೆ. ಕಿವಿ ಮುಚ್ಚಿ, ಬಾಯಿ ಮುಚ್ಚಿ, ಉಸಿರು ಬಿಡುತ್ತಾ ಮ್ ಅಂತ ಗುನುಗುವುದು. ಉಸಿರು ನಿಧಾನಕ್ಕೆ ಹೊರಗೆ ಹೋಗುವಾಗ ಎದೆಬಡಿತವೂ ಸ್ವಲ್ಪ ನಿಧಾನವಾಗುತ್ತದೆ, ಅದು ದೇಹದ ಧರ್ಮ. ನನ್ನ ಗುನುಗು ಮುಗಿದು ಕಿವಿಯಿಂದ ಬೆರಳು ತೆಗೆದರೆ ಮರದ ಗುನುಗು ಮುಂದುವರಿದಿರುತ್ತದೆ. ಹೆಂಡತಿ ಒಳಗಿನಿಂದ "ಜೇನುಗೂಡಿನ ಮುಂದೆ ನಿಂತು ಅವುಗಳನ್ನ ಅಣಕಿಸ್ಬೇಡಿ, ಕಚ್ತವೆ" ಅನ್ನುತ್ತಾಳೆ.

ಕ್ಲಾಸು ಬಿಟ್ಟ ಮೇಲೆ ನಾವು ಕೆಲವರು ಕಹಳೆ ಬಂಡೆಯವರೆಗೆ ನಡೆಯುತ್ತೇವೆ. ಬ್ಯೂಗಲ್ ರಾಕ್ ಅಂದರೇ ಜಾಸ್ತಿ ಜನಕ್ಕೆ ಗೊತ್ತು. ಅಲ್ಲಿನ ದೊಡ್ಡ ಮರಗಳಲ್ಲಿ ಬಾವಲಿಗಳ ಕಾಲೊನಿ ಇದೆ. ನಾವು ಹೋಗುವ ಹೊತ್ತಿಗೆ ಅವು ರಾತ್ರಿ ಪಾಳಿ ಮುಗಿಸಿ ಬಂದು, ತಲೆಕೆಳಗಾಗಿ ನೇತುಬಿದ್ದು, ಜಾಗಕ್ಕಾಗಿ ಕಿಚಿಪಿಚಿ ಜಗಳ ಆಡುತ್ತಿರುತ್ತವೆ. ಚಿತ್ರದುರ್ಗದ ಕಡೆಯವನಾದ ನನಗೆ ಬಂಡೆ ಕಂಡರೆ ಸಾಕು, ಊರು ಸಿಕ್ಕಿದಷ್ಟು ಖುಷಿ. ಲಾಲ್‌ಬಾಗಿನ ಬಂಡೆಯಂತೂ ಸುಮಾರು 300 ಕೋಟಿ ವರ್ಷ ಹಳೆಯದು. 1975ರಲ್ಲಿ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಘೋಷಿಸಿದರು. ಬೆಳಗಿನ ಹೊತ್ತು ಅದರ ಮೇಲೆ ಬರಿಗಾಲಿನಲ್ಲಿ ನಿಂತು ನೋಡಿ. ಮೆಟ್ರೋ, ಫ್ಲೈಓವರು, ನಮ್ಮ ಲೋನಿನ ಕಂತು, ಎಲ್ಲವೂ ನಿನ್ನೆ ಮೊನ್ನೆಯ ಸಮಾಚಾರ ಅನ್ನಿಸುತ್ತದೆ. ಅನ್ನಿಸಿ, ಗೇಟು ದಾಟಿದ ಕೂಡಲೇ ಮರೆತೂ ಹೋಗುತ್ತದೆ. ಇರಲಿ.

ಇನ್ನೊಂದು ದಿಕ್ಕಿಗೆ ನಡೆದರೆ ಕೆಂಪಾಂಬುಧಿ ಕೆರೆ. ಕೆಂಪೇಗೌಡರ ಕಾಲದ್ದು. ಈ ಊರಿಗೆ ದೊಡ್ಡ ಹೊಳೆ ಇಲ್ಲ. ಹಾಗಾಗಿ ಹಿಂದಿನವರು ಕೆರೆ ಕಟ್ಟಿದರು. ಒಂದು ತುಂಬಿ ಕೋಡಿ ಬಿದ್ದರೆ ನೀರು ಇನ್ನೊಂದಕ್ಕೆ ಹೋಗುವ ಹಾಗೆ ಕಾಲುವೆ ಮಾಡಿದರು. ಧರ್ಮಾಂಬುಧಿ ಕೆರೆ ಇದ್ದ ಜಾಗ ಈಗ ಮೆಜೆಸ್ಟಿಕ್ ಬಸ್‌ಸ್ಟ್ಯಾಂಡು. ಸಂಪಂಗಿ ಕೆರೆ ಇದ್ದಲ್ಲಿ ಕಂಠೀರವ ಕ್ರೀಡಾಂಗಣ. ಕೆಂಪಾಂಬುಧಿ ಉಳಿದಿದೆ. ಉಳಿದಿದೆ ಅಂದೆ, ಚೆನ್ನಾಗಿದೆ ಅನ್ನಲಿಲ್ಲ. ಕೆಲವು ದಿನ ಮೂಗು ಮುಚ್ಚಿಕೊಂಡೇ ಸುತ್ತಬೇಕು. ನೀರುಕಾಗೆ ಮಾತ್ರ ನಮ್ಮ ಮೂಗಿನ ತಕರಾರು ಕೇಳದೆ ಮುಳುಗಿ, ಎದ್ದು, ರೆಕ್ಕೆ ಬಿಚ್ಚಿ ಬಿಸಿಲಿಗೆ ಒಣಗಲು ಹಾಕಿಕೊಂಡು ಕೂತಿರುತ್ತದೆ.

ಇಷ್ಟು ಹೇಳಿ ನಿಲ್ಲಿಸಿದರೆ ಇದು ಸುಳ್ಳು ಬರಹ ಆಗುತ್ತದೆ. ನಗರದಲ್ಲೇ ಪ್ರಕೃತಿ ನೋಡಿ, ನೆಮ್ಮದಿಯಾಗಿರಿ ಅಂತ ನನ್ನಂಥವನು ಹೇಳುವುದು ಸುಲಭ. ನನ್ನ ಬೀದಿಯಲ್ಲಿ ಮರ ಇದೆ. ನಡೆಯುವ ದೂರದಲ್ಲಿ ಪಾರ್ಕಿದೆ. ಬೆಂಗಳೂರಿನ ಎಷ್ಟೋ ಹೊಸ ಬಡಾವಣೆಗಳಲ್ಲಿ ಸೈಟಿನ ಗಡಿಯವರೆಗೂ ಗೋಡೆ, ಗೋಡೆಯಿಂದಾಚೆ ಚರಂಡಿ, ಅದರಾಚೆ ಟ್ಯಾಂಕರ್. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿ, ಬಕೆಟ್ ಹಿಡಿದು ಸಾಲು ನಿಂತವರಿಗೆ ಹೋಗಿ ವೃಕ್ಷಾಸನದ ಮಹಿಮೆ ಹೇಳಿದರೆ ಒದೆ ಬೀಳುತ್ತದೆ. ಬೀಳಬೇಕಾದ್ದೇ.

ನಮ್ಮ ಬೀದಿ ಗುಡಿಸಲು ಬರುವ ಅಕ್ಕನ ಮಾತು ಕೇಳಿ. ಹೊಂಗೆ ಹೂವಿನ ರಾಶಿಯನ್ನು ನಾನು ಫೋಟೊ ತೆಗೆಯುತ್ತಿದ್ದೆ. ಅವರು ಪೊರಕೆ ನಿಲ್ಲಿಸಿಕೊಂಡು ಕಾಯುತ್ತಿದ್ದರು. "ಚಂದ ಅಲ್ವೇನಕ್ಕಾ?" ಅಂದೆ. "ನಿಮಗೆ ಚಂದ ಸಾರ್. ಇದು ಕಾಂಕ್ರೀಟಿಗೆ ಅಂಟಿಕೊಂಡ್ರೆ ಗುಡಿಸೋಕೇ ಬರಲ್ಲ. ಮಳೆ ಬಂದ್ರಂತೂ ಮುಗೀತು, ಸೊಂಟ ಹೋಯ್ತು" ಅಂದರು. ಆಮೇಲೆ ಅವರೇ ಒಂದು ಹಿಡಿ ಹೂ ಎತ್ತಿ ಮೂಸಿ, "ವಾಸನೆ ಮಾತ್ರ ನಮ್ಮೂರದ್ದೇ" ಅಂದು, ಮಿಕ್ಕಿದ್ದನ್ನು ಗಾಡಿಗೆ ತುಂಬಿದರು. ಬಿದ್ದ ಎಲೆ, ಹೂವನ್ನು ಬುಡಕ್ಕೇ ಬಿಟ್ಟರೆ ಅವರಿಗೂ ಒಂದಿಷ್ಟು ಕೆಲಸ ಕಮ್ಮಿ, ಮರಕ್ಕೂ ಗೊಬ್ಬರ. ಆದರೆ ಬುಡದಲ್ಲಿ ಮಣ್ಣೆಲ್ಲಿದೆ?

ಮೇಷ್ಟ್ರು ಶನಿವಾರ ಅರ್ಧ ಗಂಟೆ ಯೋಗಸೂತ್ರ ಹೇಳುತ್ತಾರೆ. ನಿದ್ದೆ ಮಾಡುವವರೂ ಇದ್ದಾರೆ, ಸುಳ್ಳು ಹೇಳುವುದಿಲ್ಲ. ಪತಂಜಲಿ ಐದು ನಿಯಮ ಹೇಳುತ್ತಾನೆ. ಶೌಚ, ಸಂತೋಷ, ತಪಸ್ಸು, ಸ್ವಾಧ್ಯಾಯ, ಈಶ್ವರಪ್ರಣಿಧಾನ. ಇರುವುದರಲ್ಲಿ ತೃಪ್ತಿ ಅನ್ನುವುದು ಎರಡನೆಯದು. ಅದರ ಹಿಂದೆಯೇ ತಪಸ್ಸು, ಅಂದರೆ ಬೆವರು ಸುರಿಸುವ ಕೆಲಸ. ನನಗೆ ಆ ಸಾಲು ಬಹಳ ಹಿಡಿಸಿತು. ತೃಪ್ತಿ ಕೊನೆಯ ಮೆಟ್ಟಿಲಾಗಿದ್ದರೆ ಅಲ್ಲೇ ಹಾಸಿಗೆ ಹಾಕಿ ಮಲಗಬಹುದಿತ್ತು. ಅದು ಎರಡನೇ ಮೆಟ್ಟಿಲು. ಇನ್ನೂ ಹತ್ತುವುದಿದೆ.

ಇದನ್ನು ನಾನು ಪುಸ್ತಕಕ್ಕಿಂತ ಮೊದಲು ರಸ್ತೆಯಲ್ಲಿ ನೋಡಿದ್ದೆ. 2016ರ ಅಕ್ಟೋಬರಿನಲ್ಲಿ ಚಾಲುಕ್ಯ ವೃತ್ತದಿಂದ ಹೆಬ್ಬಾಳದ ಕಡೆ ಉಕ್ಕಿನ ಮೇಲ್ಸೇತುವೆ ಕಟ್ಟುತ್ತೇವೆ ಅಂತ ಸರ್ಕಾರ ಹೊರಟಿತು. 800ಕ್ಕೂ ಹೆಚ್ಚು ಮರ ಹೋಗುತ್ತಿದ್ದವು. ಒಂದು ಭಾನುವಾರ ಬೆಳಿಗ್ಗೆ ಸಾವಿರಾರು ಜನ ಆ ರಸ್ತೆಯುದ್ದಕ್ಕೂ ಕೈ ಕೈ ಹಿಡಿದು ನಿಂತರು. ಅಲ್ಲಿ ನಿಂತವರಲ್ಲಿ ಘೋಷಣೆ ಕೂಗಿ ಅಭ್ಯಾಸ ಇದ್ದವರು ಕಮ್ಮಿ. ವಾಕಿಂಗ್ ಶೂ ಹಾಕಿಕೊಂಡ ಅಜ್ಜಂದಿರು, ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡ ಅಪ್ಪಂದಿರು, ನಾಯಿ ಕರೆದುಕೊಂಡು ಬಂದವರು. ಇದೇ ಊರಲ್ಲಿ, ಇದೇ ರಸ್ತೆಯಲ್ಲಿ, ಇದ್ದ ಹಾಗೆಯೇ ಖುಷಿಯಾಗಿದ್ದ ಜನ. ಬಿಟ್ಟು ಹೋಗುವ ಮನಸ್ಸಿದ್ದವರು ಬರುವುದಿಲ್ಲ, ಅವರ ಕಣ್ಣು ಸಕಲೇಶಪುರದ ಎರಡೆಕರೆಯ ಮೇಲಿರುತ್ತದೆ. 2017ರ ಮಾರ್ಚಿನಲ್ಲಿ ಸರ್ಕಾರ ಆ ಯೋಜನೆ ಕೈಬಿಟ್ಟಿತು.

ಹಾಗಂತ ಎಲ್ಲ ಕಡೆ ಗೆದ್ದಿಲ್ಲ. ಮೆಟ್ರೋಗೆ, ರಸ್ತೆ ಅಗಲಕ್ಕೆ ಹೋದ ಮರಗಳ ಪಟ್ಟಿ ಉದ್ದ ಇದೆ. ಅಂಥ ದೊಡ್ಡ ಲೆಕ್ಕ ನನ್ನ ಕೈಗೆ ಸಿಗುವುದಿಲ್ಲ. ನಮ್ಮ ಬೀದಿಯದು ಸಿಗುತ್ತದೆ.

ಎದುರು ಮನೆಯವರು ಹೊಸ ಕಾರು ಬುಕ್ ಮಾಡಿದರು. ಗೇಟು ಅಗಲ ಮಾಡಲು ಹೊಂಗೆ ಅಡ್ಡ ಬಂತು. "ಬೇರು ಕಾಂಪೌಂಡಿಗೆ ಬಂದಿದೆ, ಯಾರ ತಲೆ ಮೇಲಾದ್ರೂ ಬಿದ್ರೆ?" ಅಂತ ಬೀದಿಯಲ್ಲಿ ಮಾತು ತೆಗೆದರು. ಅವರೂ ನಮ್ಮ ಕ್ಲಾಸಿನವರೇ, ಗಂಡಸರ ಸಾಲಿನಲ್ಲಿ ಮುಂದೆ ಚಾಪೆ ಹಾಕುವವರು. ಫುಟ್‌ಪಾತಿನ ಮರ ಪಾಲಿಕೆಯದು. 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ, ಒಂದು ಮರ ಕಡಿಯಲೂ ವೃಕ್ಷ ಅಧಿಕಾರಿಯ ಅನುಮತಿ ಬೇಕು. ಅದು ಅವರಿಗೂ ಗೊತ್ತಿತ್ತು. ರಾತ್ರಿ ಹೊತ್ತು ಯಾರನ್ನೋ ಕರೆಸಿ ಕಡಿಸಿದರೆ ಬೆಳಿಗ್ಗೆ ಯಾರೂ ಏನೂ ಮಾಡಲಾಗುವುದಿಲ್ಲ ಅನ್ನುವುದೂ ಎಲ್ಲರಿಗೂ ಗೊತ್ತಿತ್ತು.

ಜಗಳ ಆಗಲಿಲ್ಲ. ಕ್ಲಾಸಿನ ಹೆಂಗಸರೇ ಮೊದಲು ಹೋದರು. ಒಬ್ಬ ಅಜ್ಜಿ, "ಏನಪ್ಪಾ, ಮೇ ತಿಂಗಳಲ್ಲಿ ನಿನ್ನ ಹೊಸ ಕಾರು ಯಾವುದರ ನೆರಳಲ್ಲಿ ನಿಲ್ಲುತ್ತೆ?" ಅಂತ ಕೇಳಿದರಂತೆ. ಮಾರನೇ ದಿನ ಮೇಷ್ಟ್ರು ಅಳತೆ ಟೇಪು ಹಿಡಿದುಕೊಂಡು ಹೋದರು. ಗೇಟನ್ನು ಸ್ವಲ್ಪ ಎಡಕ್ಕೆ ಸರಿಸಿ, ಓರೆಯಾಗಿ ಕೂರಿಸಿದರೆ ಕಾರು ಹೋಗುತ್ತದೆ ಅಂತ ಚೀಟಿಯಲ್ಲಿ ಬರೆದು ತೋರಿಸಿದರು. ಅಧಿಕಾರಿಗೆ ಒಂದು ಅರ್ಜಿ ಕೊಟ್ಟೆವು. ಅವರ ಕಡೆಯವರು ಬಂದು ಒಣಗಿದ ಎರಡು ಕೊಂಬೆ ಮಾತ್ರ ಸವರಿ ಹೋದರು. ಅದೇ ನೆಪದಲ್ಲಿ ಬುಡದ ಕಾಂಕ್ರೀಟನ್ನು ಮೊಣಕೈ ಉದ್ದದಷ್ಟು ಒಡೆಸಿದೆವು. ಗುಡಿಸುವ ಅಕ್ಕ ಈಗ ಎಲೆಯನ್ನು ಅಲ್ಲಿಗೇ ತಳ್ಳುತ್ತಾರೆ. ಬೋರ್ಡಿನ ಮೊಳೆ ಕೀಳಲು ಬರಲಿಲ್ಲ, ತೊಗಟೆ ಅದನ್ನು ಅರ್ಧ ನುಂಗಿದೆ.

ಎದುರು ಮನೆಯವರ ಗೊಣಗಾಟ ಇನ್ನೂ ನಿಂತಿಲ್ಲ. ಮೊನ್ನೆ ಕ್ಲಾಸಿಗೆ ತಡವಾಗಿ ಬಂದರು. ಮೇಷ್ಟ್ರು ಯಾಕೆ ಅಂತ ಕೇಳಿದ್ದಕ್ಕೆ, "ಏನ್ ಸಾರ್ ಹೇಳ್ಲಿ, ನಿಮ್ಮ ಆ ಗೇಟಲ್ಲಿ ಕಾರು ಈಚೆ ತೆಗೆಯೋದೇ ಒಂದು ಆಸನ ಆಗಿದೆ" ಅಂದರು. "ಒಳ್ಳೇದು, ಇವತ್ತು ನಿಮಗೆ ಸೂರ್ಯನಮಸ್ಕಾರ ಎರಡು ಸುತ್ತು ಕಮ್ಮಿ ಮಾಡಿದ್ರೂ ಆಯ್ತು" ಅಂದು ಮೇಷ್ಟ್ರು ಎಣಿಕೆ ಶುರು ಮಾಡಿದರು.